ಸುಣ್ಣಗಲ್ಲ ಸೀಮೆಯ ಗೀಸರ್

ಸೇಡಂ, ಚಿತ್ತಾಪುರದ ಕಡೆ ಬಿಸಿನೀರಿನ ಗರಜು ವರ್ಷಕ್ಕೆ ಮೂರು ತಿಂಗಳು ಮಾತ್ರ. ದೀಪಾವಳಿಗೆ ಶುರುವಾದದ್ದು ಎಳ್ಳಮಾವಾಸ್ಯೆ, ಸಂಕ್ರಾಂತಿ ದಾಟಿದರೆ ಮುಗಿಯಿತು. ಮೇ ತಿಂಗಳಲ್ಲಂತೂ ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕು ಕೇಳದಿದ್ದರೂ ಸುಡುನೀರು ಕೊಡುತ್ತದೆ. ಹೀಗಾಗಿ ಗ್ಯಾಸ್ ಗೀಸರ್ ಒಂಬತ್ತು ತಿಂಗಳು ಬಚ್ಚಲ ಗೋಡೆಗೆ ಸುಮ್ಮನೆ ನೇತಾಡಿ, ಸರಿಯಾಗಿ ನೀರು ತುಂಬುವ ಹಬ್ಬ ಕಳೆದ ಬೆಳಿಗ್ಗೆ, ಎಣ್ಣೆ ಹಚ್ಚಿಕೊಂಡು ಕೂತವರಿಗೆ ಕೈಕೊಡುತ್ತದೆ. ಟಿಕ್ ಟಿಕ್ ಎನ್ನುತ್ತದೆ, ಹತ್ತುವುದಿಲ್ಲ. ಹತ್ತಿದರೆ ಧಪ್ಪೆಂದು ಸದ್ದು ಮಾಡುತ್ತದೆ, ನೀರು ಸಣ್ಣಗೆ ಬರುತ್ತದೆ. ಮೆಕ್ಯಾನಿಕ್ ಬಂದು ಮುಚ್ಚಳ ಬಿಚ್ಚಿ, ಒಂದು ಸಲ ಇಣುಕಿ, ‘ಇದು ಹೋಗ್ಯದ್ರಿ, ಹೊಸಾದು ತಗೋರಿ’ ಅನ್ನುತ್ತಾನೆ. ಅರ್ಧ ಸಲ ಅವನ ಮಾತು ಖರೆ. ಇನ್ನರ್ಧ ಸಲ ಗೀಸರ್ ಹೋಗಿರುವುದಿಲ್ಲ, ಒಳಗೆ ಕಲ್ಲು ಕೂತಿರುತ್ತದೆ.

ಕಲ್ಲು ಬಂದದ್ದು ನಮ್ಮ ನೆಲದಿಂದಲೇ. ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ ಎಲ್ಲವೂ ಭೀಮಾ ಕಣಿವೆಯ ಸುಣ್ಣಗಲ್ಲ ಹಾಸಿನ ಮೇಲೆ ಕೂತ ಊರುಗಳು. ಈ ಹಾಸಿನಿಂದಲೇ ವಾಡಿಯಲ್ಲೂ ಮಳಖೇಡದಲ್ಲೂ ಸಿಮೆಂಟ್ ಕಾರ್ಖಾನೆಗಳು ಎದ್ದವು. ಶಹಾಬಾದಿ ಫರ್ಸಿ ಅರ್ಧ ದಕ್ಷಿಣ ಭಾರತದ ನಡುಮನೆಗೆ ಹೋಯಿತು. ಕಾಗಿಣಾ ದಂಡೆಯ ರಾಷ್ಟ್ರಕೂಟರ ಕೋಟೆಗೂ, ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಹೊತ್ತು ನೆಲದಡಿ ಮಲಗಿದ್ದ ಚಪ್ಪಡಿಗೂ ಇದೇ ಸುಣ್ಣಗಲ್ಲು. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಕಲ್ಲಿನ ಸಂದುಗಳಲ್ಲಿ ಹರಿದು, ಕಲ್ಲನ್ನೇ ಚೂರುಚೂರು ಕರಗಿಸಿಕೊಂಡು ನಮ್ಮ ಬೋರಿಗೆ ಬರುತ್ತದೆ. ಇದಕ್ಕೇ ನಾವು ಗಡಸು ನೀರು ಅನ್ನುವುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ನಿಮ್ಮ ಬೋರಿನ ನೀರು ಎಷ್ಟರದು ಎಂದು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಬಚ್ಚಲ ಕರಿ ಫರ್ಸಿಯ ಮೇಲೆ ಬಿಳಿ ಕಲೆ ಎಷ್ಟು ಬೇಗ ಕಟ್ಟುತ್ತದೆ ನೋಡಿದರೆ ಸಾಕು.

ಕಾರ್ಖಾನೆಯ ಕಿಲ್ನ್‌ನಲ್ಲಿ ಸುಣ್ಣಗಲ್ಲನ್ನು ಸುಟ್ಟು ಅದರೊಳಗಿನ ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟುತ್ತಾರೆ, ಕಲ್ಲು ಸುಣ್ಣವಾಗುತ್ತದೆ. ಮುಂದೆ 1450 ಡಿಗ್ರಿಯ ಹತ್ತಿರ ಕ್ಲಿಂಕರ್ ಆಗುತ್ತದೆ. ಗೀಸರಿನಲ್ಲೂ ಡೈಆಕ್ಸೈಡೇ ಹೊರಡುತ್ತದೆ, ಆದರೆ ಇಲ್ಲಿ ಕಾಯುವುದು ನೀರು, ಹುಟ್ಟುವುದು ಕಲ್ಲು. ಕರಗಿದ್ದ ಬೈಕಾರ್ಬೊನೇಟ್ ಬಿಸಿ ತಾಗಿದ ಕೂಡಲೇ ಒಡೆದು ತಾಮ್ರದ ಕಾಯಿಲಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಉರಿ ಎಲ್ಲಿ ಜಾಸ್ತಿಯೋ ಅಲ್ಲೇ ದಪ್ಪ. ತಾಮ್ರಕ್ಕೆ ಹೋಲಿಸಿದರೆ ಈ ಪದರ ನೂರಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಗ್ಯಾಸ್ ಉರಿಯುತ್ತಲೇ ಇರುತ್ತದೆ, ನೀರು ಉಗುರುಬೆಚ್ಚಗೆ ಬರುತ್ತದೆ, ಕಾಯಿಲ್ ಮಾತ್ರ ಒಳಗೊಳಗೇ ಚಟಚಟ ಎನ್ನುತ್ತದೆ. ಆ ಸದ್ದು ಕೇಳಿದರೆ ಸುಣ್ಣ ಕೂತಿದೆ ಎಂದೇ ತಿಳಿಯಿರಿ.

ದೊಡ್ಡ ಬಾಯ್ಲರ್ ಮಾಡುವ ಕಾರ್ಖಾನೆ ಇದ್ದ ಊರು ನಮ್ಮ ಶಹಾಬಾದ್. ಬಾಯ್ಲರಿನ ಕೊಳವೆಯೊಳಗೆ ಸುಣ್ಣ ಕೂತರೆ ಏನಾಗುತ್ತದೆ ಎಂದು ಅಲ್ಲಿ ದುಡಿದು ನಿವೃತ್ತರಾದವರನ್ನು ಕೇಳಿ ನೋಡಿ, ಅರ್ಧ ಗಂಟೆ ಹೇಳುತ್ತಾರೆ. ನೀರನ್ನು ಮೊದಲು ಮೆದು ಮಾಡದೆ ಬಾಯ್ಲರಿಗೆ ಬಿಡುವುದು ಆ ಕಸುಬಿನಲ್ಲಿ ಅಪರಾಧ. ಅದೇ ಊರಿನ ಮನೆಗಳಲ್ಲಿ ಬೋರಿನ ನೀರು ನೇರ ಗೀಸರಿಗೆ.

ಕಾಯಿಲ್ ಸ್ವಚ್ಛ ಮಾಡುವುದು ಕಷ್ಟವಲ್ಲ. ಬಚ್ಚಲು ತೊಳೆಯುವ ಆಸಿಡ್ ಸುರಿಯುವ ಮೆಕ್ಯಾನಿಕ್‌ಗಳಿದ್ದಾರೆ. ನನ್ನ ಮಟ್ಟಿಗೆ ಅವರಿಗೆ ಬಾಗಿಲೇ ತೆಗೆಯಬಾರದು. ಹೈಡ್ರೋಕ್ಲೋರಿಕ್ ಆಸಿಡ್ ಸುಣ್ಣವನ್ನು ಕರಗಿಸುವ ಹುರುಪಿನಲ್ಲಿ ಹಿತ್ತಾಳೆ ಜೋಡಣೆಗಳನ್ನೂ ತಿನ್ನುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಗ್ಯಾಸ್ ಬಂದ್ ಮಾಡಿ, ರೆಗ್ಯುಲೇಟರ್ ತೆಗೆದು, ನೀರಿನ ಎರಡೂ ಪೈಪು ಬಿಚ್ಚಿ ಕಾಯಿಲನ್ನು ಹೊರಗೆ ತೆಗೆಸಿ. ಒಂದು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು ಬೆರೆಸಿ, ಲಾಳಿಕೆಯಿಂದ ಒಳಗೆ ತುಂಬಿ. ಕೂಡಲೇ ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಚೆಲ್ಲಿ ಮತ್ತೆ ತುಂಬಬೇಕು. ಎರಡನೆಯ ಸಲ ಚೆಲ್ಲುವಾಗ ತೊಗರಿ ಬೇಳೆ ಗಾತ್ರದ ಬಿಳಿ ಚಕ್ಕೆಗಳು ಬೀಳುತ್ತವೆ, ಒಡೆದು ನೋಡಿದರೆ ಪದರು ಪದರು. ನೊರೆ ಬಾರದ ತನಕ ಹೀಗೇ ಮಾಡಿ, ಒಳ್ಳೆಯ ನೀರಿನಿಂದ ಚೆನ್ನಾಗಿ ತೊಳೆಯಿರಿ. ಹೊರಗಿನ ತಾಮ್ರದ ಪಟ್ಟಿಗಳ ನಡುವೆ ಕೂತ ಮಸಿಯನ್ನು ಸೋಪಿನ ನೀರು, ಮೆತ್ತನೆ ಬ್ರಷ್ಷಿನಿಂದ ತೆಗೆಯಬೇಕು. ಈ ಕೆಲಸ ಯಾರೂ ಮಾಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ: ಮಸಿ ತುಂಬಿದರೆ ಹೊಗೆ ಮೇಲೆ ಹೋಗುವ ದಾರಿ ಕಟ್ಟುತ್ತದೆ.

ಹತ್ತದೆ ಟಿಕ್ ಟಿಕ್ ಎನ್ನುವ ರೋಗ ಬೇರೆ. ನಳ ತಿರುಗಿಸಿದಾಗ ನೀರಿನ ಒತ್ತಡ ಒಳಗಿನ ಒಂದು ರಬ್ಬರ್ ಪೊರೆಯನ್ನು ದೂಡುತ್ತದೆ. ಅದು ಗ್ಯಾಸಿನ ವಾಲ್ವ್ ತೆರೆದು ಸ್ವಿಚ್ ಒತ್ತುತ್ತದೆ. ಎರಡು ದೊಡ್ಡ ಸೆಲ್ಲುಗಳಿಂದ ಕಿಡಿ ಹಾರುತ್ತದೆ. ಒಂಬತ್ತು ತಿಂಗಳ ಬಿಸಿಲಲ್ಲಿ ಪೊರೆ ಒಣಗಿ ಬಿರಿಯುತ್ತದೆ, ಸೆಲ್ ಸೋರುತ್ತದೆ, ಗ್ಯಾಸಿನ ಸಣ್ಣ ತೂತಿನಲ್ಲಿ ಜೇಡ ಬಲೆ ಕಟ್ಟುತ್ತದೆ. ವಾಡಿ, ಶಹಾಬಾದಿನ ಮನೆಗಳಲ್ಲಿ ಇದರ ಮೇಲೆ ಕಲ್ಲಿನ ಪಾಲಿಶ್ ಧೂಳು. ಎಲ್ಲವೂ ಅಗ್ಗದ ರಿಪೇರಿ. ಹೋಳಿ ಹುಣ್ಣಿಮೆಗೆ ಸೆಲ್ ತೆಗೆದಿಟ್ಟು, ಗೀಸರಿಗೆ ಹಳೆಯ ಬಟ್ಟೆ ಸುತ್ತಿಟ್ಟರೆ ಅರ್ಧ ಖರ್ಚು ಉಳಿಯಿತು.

ಚಿಂಚೋಳಿಯವರು ಇಷ್ಟು ಒದ್ದಾಡಬೇಕಿಲ್ಲ. ಆ ತಾಲ್ಲೂಕಿನಲ್ಲಿ ಕೆಂಪು ಜಂಬಿಟ್ಟಿಗೆ ನೆಲವೂ ಉಂಟು, ಅಣೆಕಟ್ಟೆಯ ಮಳೆನೀರೂ ಉಂಟು. ಅಂಥ ನೀರು ಬರುವ ಮನೆಯಲ್ಲಿ ಕಾಯಿಲ್ ಬಹಳ ವರ್ಷ ಬಾಳುತ್ತದೆ.

ಹಾಗಾದರೆ ಯಾವಾಗ ಹೊಸದು? ಕಾಯಿಲ್ ಸೋರಿದರೆ. ಹಸಿರು ಕಲೆ ಕಂಡಲ್ಲಿ ಬೆಸುಗೆ ಹಾಕಿಸಿದರೆ ಮುಂದಿನ ಚಳಿಗೆ ಅದರ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ, ಹನಿ ನೇರ ಬರ್ನರ್ ಮೇಲೆ. ಬರ್ನರ್ ತೊಳೆದ ಮೇಲೂ ಉರಿ ನೀಲಿಯಾಗದೆ ಹಳದಿಯಾಗಿ ತೂಗಾಡಿದರೆ. ಉರಿ ಆರಿದಾಗ ಗ್ಯಾಸ್ ತಾನೇ ನಿಲ್ಲದಿದ್ದರೆ. ಈ ಕೊನೆಯದಕ್ಕೆ ‘ಸೆನ್ಸರ್ ತೆಗೆದು ಡೈರೆಕ್ಟ್ ಮಾಡ್ತೀನ್ರಿ’ ಎನ್ನುವವನ ಕೈಗೆ ಪಾನಾ ಕೊಡಬೇಡಿ. ಹೊಸದು ಕೊಳ್ಳುವಾಗ ಐಎಸ್ 15558ರ ಐಎಸ್‌ಐ ಗುರುತು ನೋಡಿ. ಗ್ಯಾಸಿನ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಚಂದದ ಗಾಜಿನ ಮುಖ, ಅಂಕಿ ತೋರಿಸುವ ದೀಪ ಇವೆಲ್ಲ ಅಂಗಡಿಯವನಿಗೆ ಲಾಭ, ನೀರಿಗೆ ಏನೂ ಇಲ್ಲ.

ಇನ್ನು ನಿಜವಾದ ಮಾತು. ನಿಮಿಷಕ್ಕೆ 6 ಲೀಟರ್ ಕಾಯಿಸುವ ಗೀಸರ್ ನೀರನ್ನು 25 ಡಿಗ್ರಿ ಏರಿಸಲು ಗಂಟೆಗೆ ಹೆಚ್ಚುಕಡಿಮೆ 1 ಕಿಲೋ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಗ್ಯಾಸ್ ಉರಿಯಲು 12 ಘನಮೀಟರಿಗೂ ಮಿಕ್ಕಿ ಗಾಳಿ ಬೇಕು. ಆರು ಅಡಿ ಉದ್ದ, ಐದು ಅಡಿ ಅಗಲ, ಎಂಟು ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 7 ಘನಮೀಟರಿಗೆ ಕಡಿಮೆ ಗಾಳಿ. ಚಳಿಯೆಂದು ಕಿಟಕಿ ಮುಚ್ಚಿ ಕಾಲು ಗಂಟೆ ಸ್ನಾನ ಮಾಡಿದರೆ ಅರ್ಧದಷ್ಟು ಗಾಳಿಯನ್ನು ಗೀಸರೇ ಉಂಡಿರುತ್ತದೆ. ಗಾಳಿ ಸಾಲದ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದವರನ್ನು ಮೂರ್ಛೆರೋಗದವರೆಂದು ತಿಳಿದು ಚಿಕಿತ್ಸೆ ಮಾಡಿದ ಪ್ರಕರಣಗಳನ್ನು ನಮ್ಮ ದೇಶದ ನರರೋಗ ತಜ್ಞರೇ ಬರೆದಿದ್ದಾರೆ.

ಯುರೋಪಿನಲ್ಲಿ ಮನೆಯನ್ನೇ ವಾಹನದಲ್ಲಿ ಕಟ್ಟಿಕೊಂಡು ತಿರುಗುವವರು ಬಚ್ಚಲಿಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಗ್ಯಾಸ್ ಹೀಟರ್ ಹಚ್ಚಿಟ್ಟು ರಾತ್ರಿಯಿಡೀ ಮಲಗುತ್ತಾರೆ. ಅವರ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುತ್ತದೆ, ಒಳಗಿನ ಗಾಳಿಯನ್ನು ಮುಟ್ಟುವುದಿಲ್ಲ. ಜರ್ಮನಿಯಲ್ಲಿ ಅಂಥ ವಾಹನದ ಗ್ಯಾಸ್ ಜೋಡಣೆಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಇದೆ. ನಮ್ಮ ಹಿರಿಯರೂ ಈ ವಿಷಯದಲ್ಲಿ ಜಾಣರೇ. ತೊಗರಿ ಕಟ್ಟಿಗೆ ತುರುಕಿ ಉರಿಸುವ ತಾಮ್ರದ ಬಂಬನ್ನು ಅಂಗಳದಲ್ಲಿಟ್ಟು, ಕಾದ ನೀರನ್ನು ಬಚ್ಚಲಿಗೆ ಹೊತ್ತರು. ಬೆಂಕಿಯನ್ನು ಬಚ್ಚಲೊಳಗೆ ತಂದು ಬಾಗಿಲು ಹಾಕಿಕೊಂಡವರು ನಾವು.

ಆದ್ದರಿಂದ ರಿಪೇರಿಯೋ ಹೊಸದೋ ಎಂದು ತೀರ್ಮಾನಿಸುವ ಮೊದಲು ಗೀಸರ್ ಎಲ್ಲಿ ತೂಗುಬಿದ್ದಿದೆ ನೋಡಿ. ಬಚ್ಚಲ ಒಳಗಿದ್ದರೆ, ಹಳೆಯದಿರಲಿ ಹೊಸದಿರಲಿ, ಹೊರಗೋಡೆಗೆ ಹಾಕಿಸಿ, ಮಳೆಗೆ ಮೇಲೊಂದು ತಗಡು ಬಡಿಸಿ. ನಾಲ್ಕಾರು ಅಡಿ ಪೈಪು, ಪ್ಲಂಬರ್‌ಗೆ ಅರ್ಧ ದಿನದ ಕೂಲಿ. ಇದನ್ನು ದೀಪಾವಳಿಯ ತನಕ ಬಿಡಬೇಡಿ, ಈ ಭಾನುವಾರವೇ ಮಾಡಿಸಿ.