ಬಾಗಿದ ನೀರು

ಡೆಟ್ರಾಯಿಟ್ ವಿಮಾನ ನಿಲ್ದಾಣದ ಮೆಕ್‌ನಮಾರಾ ಟರ್ಮಿನಲ್ 2002ರಲ್ಲಿ ತೆರೆಯಿತು. ಸುಮಾರು ಒಂದು ಮೈಲಿ ಉದ್ದದ ಗೇಟುಗಳ ಸಾಲು, ಒಳಗೇ ತಲೆಯ ಮೇಲೆ ಓಡುವ ಕೆಂಪು ಟ್ರಾಮ್. ಜನ ಬೆರಗಾಗುವುದು ಅದಕ್ಕೆ. ನನ್ನ ಕಾಲು ನಿಲ್ಲುವುದು ಮಾತ್ರ ನಡುವಿನ ಕಪ್ಪು ಗ್ರಾನೈಟ್ ಕಾರಂಜಿಯ ಬಳಿ. ಕಾರಂಜಿ ವಿನ್ಯಾಸಕಾರರಾದ ವೆಟ್ ಸಂಸ್ಥೆಯ ಕೈಚಳಕ ಅದು. ಚಿಮ್ಮುವ ಮೊದಲೇ ನೀರೊಳಗಿನ ಸುಳಿಗಳನ್ನು ತಣಿಸಿ, ಎಳೆಎಳೆಯಾಗಿ ನೇರ ಮಾಡಿರುತ್ತಾರೆ. ಹಾಗಾಗಿ ಧಾರೆ ಚದುರುವುದಿಲ್ಲ, ನೊರೆಯಿಲ್ಲ. ಗಾಜಿನ ಕಡ್ಡಿಯೊಂದು ಬಾಗಿದಂತೆ ಗಾಳಿಯಲ್ಲಿ ಕಮಾನು ಕಟ್ಟುತ್ತದೆ. ಧಾರೆಯನ್ನು ತಟ್ಟನೆ ತುಂಡರಿಸಿದಾಗ ಬಾಲವಿಲ್ಲದ ನೀರು ಒಂಟಿಯಾಗಿ ಹಾರಿಹೋಗುತ್ತದಲ್ಲ, ಮಕ್ಕಳು ಕಿರುಚುವುದೇ ಆಗ! (ದೊಡ್ಡವರೂ, ಮನಸ್ಸಿನಲ್ಲೇ.) ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ನೆಲದಡಿಯ ಸುರಂಗಕ್ಕೆ ಕಲಾವಿದ ಮೈಕೆಲ್ ಹೇಡನ್ 1987ರಲ್ಲಿ ತೊಡಿಸಿದ ನಿಯಾನ್ ಬಣ್ಣಗಳೂ ಸೊಗಸೇ. ಆದರೂ ನನ್ನ ಓಟು ನೀರಿಗೆ.