ಬೇಸಿಗೆಯ ಗುಡ್ಡದಲ್ಲಿ ಮಳೆಗಾಲದ ಅರ್ಬಿ

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಈ ಬಾರಿ ವಿಷುವಿಗೆ ಪೈವಳಿಕೆಗೆ ಬಂದಾಗ ತಾನು ತೆಗೆದ ಛಾಯಾಚಿತ್ರಗಳ ಆಲ್ಬಮ್ ಒಂದನ್ನು ಚಾವಡಿಯಲ್ಲಿ ನನ್ನ ಕೈಗಿಟ್ಟು, "ಮಾವಾ, ಮುಲಾಜಿಲ್ಲದೆ ಹೇಳಿ" ಎಂದ. 'ವಸಂತದಲ್ಲಿ ಪೊಸಡಿಗುಂಪೆ' ಎಂದು ಅದಕ್ಕೆ ಹೆಸರು. ಅವನಿಗೆ ಹೇಳಿದ್ದನ್ನೇ ಅವನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನಿಗೆ ಕಣ್ಣಿದೆ. ಧರ್ಮತ್ತಡ್ಕದ ಕಡೆಯಿಂದ ಹತ್ತಿ, ಸುಮಾರು 1060 ಅಡಿ ಎತ್ತರದ ಆ ನೆತ್ತಿಯಲ್ಲಿ ನಿಂತು ಪಡುವಣ ಕಡಲನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಒಣಗಿದ ಮುಳಿಹುಲ್ಲಿನ ನಡುವೆ ಒಂದೇ ಒಂದು ಕೇಪಳದ ಗೊಂಚಲು ಕೆಂಪಗೆ ಎದ್ದು ನಿಂತಿರುವ ಆ ಚಿತ್ರವನ್ನು ನಾನು ನೋಡಿರಲಿಲ್ಲ. ಗುಡ್ಡದ ಬಾಯಾರಿಕೆಯೇ ಅದರಲ್ಲಿದೆ.

ತಕರಾರು ಇರುವುದು ಉಳಿದವುಗಳ ಬಗ್ಗೆ. ಪುಟ ಮಗುಚಿದರೆ ಹಾಲಿನಂತೆ ಇಳಿಯುವ ಅರ್ಬಿಗಳು, ಪಾರೆಯ ಮೇಲೆ ಹಾಸಿದ ನೀಲಿ ಹೂಗಳು. ಚೈತ್ರದಲ್ಲಿ ನಮ್ಮ ಯಾವ ಗುಡ್ಡದಲ್ಲಿ ಅರ್ಬಿ ಹರಿಯುತ್ತದೆ? ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದಾದರೂ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಕಡಲು ಸೇರುತ್ತದೆ. ಕೇಳಿದಾಗ ಅವನು ಒಪ್ಪಿಕೊಂಡ: ಅವು ಕಳೆದ ಶ್ರಾವಣದಲ್ಲಿ ತೆಗೆದವು. "ವಸಂತ ಅಂದ ಮೇಲೆ ಜಲಪಾತ, ಹೂ ಇರಬೇಕಲ್ಲ ಮಾವಾ?"

ಈ 'ಇರಬೇಕು' ಎಲ್ಲಿಂದ ಬಂತು? ಹಿಮ ಬೀಳುವ ನಾಡುಗಳಿಂದ. ಅಮೆರಿಕದ ಯೊಸೆಮಿಟಿಯಲ್ಲಿ ಹಿಮ ಕರಗುವ ಮೇ ತಿಂಗಳ ಹೊತ್ತಿಗೆ ಜಲಪಾತ ತುಂಬಿ ಇಳಿಯುತ್ತದೆ, ಬೇಸಿಗೆ ಮುಗಿಯುವಷ್ಟರಲ್ಲಿ ಬತ್ತುವುದೂ ಉಂಟು. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ದೊಡ್ಡ ಗಾಜಿನ ಫಲಕಗಳ ಮೇಲೆ ಆ ಕಣಿವೆಯ ಚಿತ್ರ ತೆಗೆದಾಗ, ಬೆಳಕು ಅಚ್ಚಾಗಲು ಬಹಳ ಹೊತ್ತು ಬೇಕಿದ್ದುದರಿಂದ ಹರಿಯುವ ನೀರು ಮಂಜಿನಂತೆ ಕಲಸಿಹೋಗುತ್ತಿತ್ತು. ಅಂದಿನ ಉಪಕರಣದ ಮಿತಿ ಇಂದು ಶೋಕಿಯಾಗಿದೆ. ಕ್ಷಣದ ಸಾವಿರದಲ್ಲೊಂದು ಪಾಲನ್ನು ಹಿಡಿಯಬಲ್ಲ ಕ್ಯಾಮೆರಾ ಕೈಯಲ್ಲಿದ್ದರೂ ನೀರನ್ನು ಹಾಲು ಮಾಡಲು ಮುಕ್ಕಾಲಿ ಹೊತ್ತು ಗುಡ್ಡ ಹತ್ತುತ್ತಾರೆ. ನಮ್ಮ ಅರ್ಬಿ ಹಾಲಲ್ಲ. ಕೆಂಪು ಮಣ್ಣು ಕಲಸಿದ ನೀರು ಅದು, ಸದ್ದು ಮಾಡಿಕೊಂಡು ಬೀಳುತ್ತದೆ.

ಹಾಗಾದರೆ ವಸಂತದಲ್ಲಿ ನಮ್ಮ ನೀರೆಲ್ಲಿ? ಗುಡ್ಡದ ಹೊಟ್ಟೆಯಲ್ಲಿ. ಬಾಯಾರು, ಪೈವಳಿಕೆ, ಎಣ್ಮಕಜೆಯ ಹಿರಿಯರು ಮುರಕಲ್ಲು ಕೊರೆದು, ಒಬ್ಬನೇ ಮನುಷ್ಯ ನುಗ್ಗುವಷ್ಟು ಅಗಲದ ಸುರಂಗಗಳನ್ನು ತೋಡಿ, ಒಸರುವ ನೀರನ್ನು ಅಡಿಕೆ ದಂಬೆಯಲ್ಲಿ ಅಂಗಳಕ್ಕಿಳಿಸಿದರು. ಅದೇ ನಮ್ಮ ಚೈತ್ರದ ಜಲಪಾತ, ಬೆರಳು ಗಾತ್ರದ್ದು. ಆಲ್ಬಮ್ಮಿನಲ್ಲಿ ಅದರ ಒಂದು ಚಿತ್ರವೂ ಇಲ್ಲ.

ಇನ್ನು ಹೂಗಳ ಕೆಳಗಿನ ಬರಹ. ಆ ನೀಲಿ ಹೂವಿಗೆ ಲ್ಯಾಟಿನ್ ಹೆಸರು ಮಾತ್ರ ಕೊಟ್ಟಿದ್ದಾನೆ, ಯುಟ್ರಿಕ್ಯುಲೇರಿಯಾ ಎಂದು. ಹೆಸರೇನೋ ಸರಿಯೇ. ಬುಡದ ಪುಟ್ಟ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವ ಗಿಡವದು. ಆದರೆ ಓಣಂ ಪೂಕ್ಕಳಕ್ಕೆ ಅದನ್ನು ಕೊಯ್ಯುವ ನೆರೆಮನೆಯ ಮಕ್ಕಳು 'ಕಾಕ್ಕಪ್ಪೂವ್' ಎನ್ನುವುದನ್ನು ಅವನು ಕೇಳಿಲ್ಲವೇ? ಇನ್ನೊಂದು ಪುಟದಲ್ಲಿ, ನಮ್ಮ ಕಣಿಯಲ್ಲೇ ಇಟ್ಟಿದ್ದ ಹೂವಿಗೆ 'ಹಳದಿ ಕಾಡುಹೂ' ಎಂದು ಬರೆದಿದ್ದಾನೆ. ಅದು ಕಕ್ಕೆ. ಈ ವಾರ್ಷಿಕದ ಮಲಯಾಳ ಪುಟಗಳ ಓದುಗರಿಗೆ ಕೊನ್ನ. ಒಂದೇ ಮರ ಎರಡು ಹೆಸರಿನಿಂದ ಎರಡು ಮನೆಯ ಕಣಿಗೆ ಬರುವ ಊರು ನಮ್ಮದು, ಎರಡನ್ನೂ ಬರೆಯಬಹುದಿತ್ತು.

ಇಷ್ಟು ಹೇಳಿದಾಗ ಅಕ್ಕ ಒಳಗಿನಿಂದ, "ಹವ್ಯಾಸಕ್ಕೆ ತೆಗೆದದ್ದಕ್ಕೆ ಇಷ್ಟು ಬೈಯಬೇಕಾ?" ಎಂದಳು. ಬೈದದ್ದಲ್ಲ. ಅವನ ಮಗಳಿಗೆ ಕನ್ನಡ ಅಕ್ಷರ ಈಗಷ್ಟೇ ಕೂಡಿಬರುತ್ತಿದೆ. ಊರಿಗೆ ಬರುವುದು ವರ್ಷಕ್ಕೆ ನಾಲ್ಕು ದಿನ. ಪೈವಳಿಕೆ ಎಂದರೆ ಅವಳಿಗೆ ಈ ಆಲ್ಬಮ್ಮೇ. ಅದರಲ್ಲಿ ಚೈತ್ರಕ್ಕೆ ಅರ್ಬಿ ಹರಿದರೆ ಅವಳು ಅದನ್ನೇ ನಂಬುತ್ತಾಳೆ.

ಮರುದಿನ ಅವನು ಟಾರ್ಚು ಹಿಡಿದು ನಮ್ಮ ಹಳೆಯ ಸುರಂಗದೊಳಗೆ ಹೋದ. ಕೊಳವೆಬಾವಿ ಕೊರೆಸಿದ ಮೇಲೆ ಅತ್ತ ಯಾರೂ ಸುಳಿದಿರಲಿಲ್ಲ. ಹೊರಬಂದಾಗ ಮೈಯೆಲ್ಲ ಕೆಂಪು ಮಣ್ಣು. ತೆಗೆದ ಚಿತ್ರ ಸ್ವಲ್ಪ ಅಲುಗಿದೆ, ಒದ್ದೆ ಗೋಡೆ ಮತ್ತು ಒಂದು ಹನಿ ಮಾತ್ರ ಕಾಣುತ್ತದೆ. ಆಲ್ಬಮ್ಮಿನಲ್ಲಿ ಅದನ್ನು ಕೇಪಳದ ಚಿತ್ರದ ಎದುರು ಪುಟಕ್ಕೆ ಅಂಟಿಸಿದ್ದೇವೆ. ಕೆಳಗೆ ತಿಂಗಳು ಬರೆದದ್ದು ಅವನೇ.