ತೌಲನಿಕ ರಾಜಕೀಯದ ಅಧ್ಯಯನವೂ ಅಂತರ್ಜಾಲದ ಆಕರಗಳೂ

೧

ಒಂದು ರಾಜ್ಯವ್ಯವಸ್ಥೆಯನ್ನು ಮತ್ತೊಂದರ ಪಕ್ಕದಲ್ಲಿಟ್ಟು ನೋಡುವ ಪದ್ಧತಿ ರಾಜ್ಯಶಾಸ್ತ್ರದಷ್ಟೇ ಹಳೆಯದು. ಅರಿಸ್ಟಾಟಲನೂ ಅವನ ಶಿಷ್ಯವರ್ಗವೂ ೧೫೮ ಸಂವಿಧಾನಗಳ ವಿವರಗಳನ್ನು ಕಲೆಹಾಕಿದರೆಂಬುದು ಪ್ರಸಿದ್ಧವಾದ ಮಾತು. ಅಂದು ಆಕರಗಳು ವಿರಳ. ಅವನ್ನು ಸಂಪಾದಿಸುವುದೇ ಪಾಂಡಿತ್ಯದ ಅರ್ಧಭಾಗವಾಗಿತ್ತು. ಇಂದು ಸ್ಥಿತಿ ತಲೆಕೆಳಗಾಗಿದೆ. ಆಕರಗಳು ಅಂತರ್ಜಾಲದಲ್ಲಿ ರಾಶಿಬಿದ್ದಿವೆ. ಆದರೆ ರಾಶಿಯಲ್ಲಿ ಕಾಳಾವುದು ಹೊಟ್ಟಾವುದು ಎಂಬ ವಿವೇಚನೆ ನಮ್ಮ ತರಗತಿಗಳಲ್ಲಿ ಸಾಕಷ್ಟು ನಡೆಯುತ್ತಿಲ್ಲ. ಜಾಲತಾಣಗಳ ಯಾದಿಯನ್ನು ಒದಗಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಯಾವ ಬಗೆಯ ಆಕರ ಅದಕ್ಕೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲದೆಂಬುದನ್ನು ಇಲ್ಲಿ ಪರೀಕ್ಷಿಸುತ್ತೇವೆ.

ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಯಸಂದ್ರದಿಂದ ಬರುವ ವಿದ್ಯಾರ್ಥಿಯೊಬ್ಬನಿಗೆ ಸಹಜವಾಗಿ ಹುಟ್ಟಬಹುದಾದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಅವನ ಸುತ್ತಲಿನದು ತೆಂಗಿನ ಸೀಮೆ. ಇಲ್ಲಿಯ ಬೆಳೆಗಾರನು ಕೊಬ್ಬರಿಗೆ ಬೆಂಬಲ ಬೆಲೆಯನ್ನು ಸರ್ಕಾರದಿಂದ ಕೇಳುತ್ತಾನೆ. ಫಿಲಿಪ್ಪೀನ್ಸ್ ದೇಶದಲ್ಲಿಯಾದರೋ ೧೯೭೦ರ ದಶಕದಲ್ಲಿ ಸರ್ಕಾರವೇ ತೆಂಗು ಬೆಳೆಗಾರನ ಮಾರಾಟದ ಮೇಲೆ ಸುಂಕ ವಿಧಿಸಿ ದೊಡ್ಡ ನಿಧಿಯನ್ನು ಕೂಡಿಸಿತು. ಮರ ಒಂದೇ, ಅದರ ಸುತ್ತ ಬೆಳೆದ ರಾಜಕೀಯಗಳು ಎರಡು. ಈ ಭೇದಕ್ಕೆ ಕಾರಣವೇನು?

೨

ಇಂಥ ಪ್ರಶ್ನೆಯನ್ನು ಹಿಡಿದು ಹೊರಟವನ ಕೈಗೆ ಮೊದಲು ಸಿಕ್ಕುವುದು ದೇಶಗಳನ್ನು ಅಂಕಗಳಿಂದ ಅಳೆಯುವ ಸೂಚ್ಯಂಕಗಳು. ಸ್ವೀಡನ್ನಿನ ಗೊಟೆನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿರುವ ವಿ-ಡೆಮ್ ಸಂಸ್ಥೆಯ ದತ್ತಾಂಶವು ೧೭೮೯ರವರೆಗೆ ಹಿಂದಕ್ಕೆ ಹೋಗುತ್ತದೆ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಈ ಔದಾರ್ಯವನ್ನು ಮೆಚ್ಚಲೇಬೇಕು. ಆದರೆ ಅದರ ಮುಖ್ಯ ಅಂಕಗಳು ತಜ್ಞರ ಅಭಿಪ್ರಾಯಗಳಿಂದ ಗಣಿತಕ್ರಮದಲ್ಲಿ ಪಡೆದವು, ನೇರವಾಗಿ ಎಣಿಸಿದವಲ್ಲ. ೨೦೨೧ರಲ್ಲಿ ಈ ಸಂಸ್ಥೆ ಭಾರತವನ್ನು ‘ಚುನಾಯಿತ ನಿರಂಕುಶಾಧಿಕಾರ’ವೆಂಬ ವರ್ಗಕ್ಕೆ ಸೇರಿಸಿದಾಗ ಭಾರತ ಸರ್ಕಾರ ಅದನ್ನು ಒಪ್ಪಲಿಲ್ಲ. ವಿದ್ಯಾರ್ಥಿಯು ಆ ವಿವಾದದಲ್ಲಿ ಪಕ್ಷ ವಹಿಸುವ ಮೊದಲು ಅಂಕವು ಹುಟ್ಟಿದ ರೀತಿಯನ್ನು ವಿವರಿಸುವ ಸಂಕೇತಪುಸ್ತಕವನ್ನು ಓದಬೇಕು. ಅದೂ ಅದೇ ತಾಣದಲ್ಲಿದೆ. ಓದುವವರು ಮಾತ್ರ ಕಡಮೆ.

ನಮ್ಮ ಪ್ರಶ್ನೆಗೆ ಇದರಿಂದ ಏನು ಪ್ರಯೋಜನ? ಫಿಲಿಪ್ಪೀನ್ಸಿನಲ್ಲಿ ೧೯೭೨ರಲ್ಲಿ ಸೈನಿಕ ಶಾಸನವೂ ಭಾರತದಲ್ಲಿ ೧೯೭೫ರಲ್ಲಿ ತುರ್ತುಪರಿಸ್ಥಿತಿಯೂ ಬಂದವು. ಸೂಚ್ಯಂಕದಲ್ಲಿ ಎರಡು ಗೆರೆಗಳೂ ಕೆಳಗಿಳಿಯುತ್ತವೆ. ಆದರೆ ಒಂದೆಡೆ ತೆಂಗಿನ ಸುಂಕ ಹುಟ್ಟಿತು, ಇನ್ನೊಂದೆಡೆ ಹುಟ್ಟಲಿಲ್ಲ. ಅಂದಮೇಲೆ ಸೂಚ್ಯಂಕವು ಪ್ರಶ್ನೆಯನ್ನು ಹರಿತಗೊಳಿಸುತ್ತದೆಯೇ ಹೊರತು ಉತ್ತರವನ್ನು ಕೊಡುವುದಿಲ್ಲ. ಅದರ ಘಟಕ ದೇಶ. ತಾಲ್ಲೂಕೂ ಬೆಳೆಯೂ ಅಲ್ಲಿ ಕಾಣಿಸುವುದಿಲ್ಲ.

೩

ಉತ್ತರವಿರುವುದು ಮೂಲ ದಾಖಲೆಗಳಲ್ಲಿ. ಫಿಲಿಪ್ಪೀನ್ಸಿನ ೧೯೭೧ರ ೬೨೬೦ನೆಯ ಕಾಯಿದೆ, ೧೯೭೩ರ ೨೭೬ನೆಯ ಅಧ್ಯಕ್ಷೀಯ ಆಜ್ಞೆ, ಸುಂಕದ ಹಣದಿಂದ ಕೊಂಡ ಷೇರುಗಳು ಬೆಳೆಗಾರರ ಹಿತಕ್ಕಾಗಿ ಸರ್ಕಾರಕ್ಕೆ ಸೇರತಕ್ಕವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೨೦೧೨ರಲ್ಲಿ ಕೊಟ್ಟ ತೀರ್ಪು, ಬೆಳೆಗಾರರ ನ್ಯಾಸನಿಧಿಯನ್ನು ಸ್ಥಾಪಿಸಿದ ೨೦೨೧ರ ೧೧೫೨೪ನೆಯ ಕಾಯಿದೆ ಇವೆಲ್ಲವೂ ಇಂಗ್ಲಿಷಿನಲ್ಲಿ, ಆ ದೇಶದ ಅಧಿಕೃತ ತಾಣಗಳಲ್ಲಿ ಸಿಕ್ಕುತ್ತವೆ. ಇವನ್ನು ಕ್ರಮವಾಗಿ ಓದಿದವನಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಮೊದಲ ಸುಂಕವನ್ನು ವಿಧಿಸಿದುದು ಶಾಸನಸಭೆ, ಅದನ್ನು ಹಿಗ್ಗಿಸಿದುದು ಸಭೆಯಿಲ್ಲದ ಕಾಲದ ಆಜ್ಞೆ. ಸೂಚ್ಯಂಕದ ಗೆರೆಯಿಂದ ಈ ಅನುಕ್ರಮ ತಿಳಿಯುವುದಿಲ್ಲ.

ನಮ್ಮ ಕಡೆಗೆ ಬಂದರೆ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಕೊಬ್ಬರಿ ಬೆಲೆ ವರದಿಗಳು ಮುಖ್ಯವಾದವು. ೨೦೨೫ರ ಹಂಗಾಮಿಗೆ ಕ್ವಿಂಟಾಲಿಗೆ ಎಣ್ಣೆ ಕೊಬ್ಬರಿಗೆ ೧೧,೫೮೨ ರೂಪಾಯಿ, ಉಂಡೆ ಕೊಬ್ಬರಿಗೆ ೧೨,೧೦೦ ರೂಪಾಯಿ ಎಂದು ಕೇಂದ್ರ ಸರ್ಕಾರ ನಿಗದಿಮಾಡಿತು. ತಿಪಟೂರು ಮಾರುಕಟ್ಟೆಯ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಕೇರಳದ ಆಸಕ್ತಿ ಎಣ್ಣೆ ಕೊಬ್ಬರಿಯಲ್ಲಿ. ಈ ಎರಡು ಅಂಕಿಗಳನ್ನು ಒಂದೇ ‘ಕೊಬ್ಬರಿ ಬೆಲೆ’ಯೆಂದು ಬಗೆದು ರಾಜ್ಯಗಳನ್ನು ಹೋಲಿಸಿದರೆ ಹೋಲಿಕೆ ಬುಡದಲ್ಲಿಯೇ ಕೆಡುತ್ತದೆ.

೪

ವಿದೇಶದ ದಾಖಲೆಗಿಂತ ನಮ್ಮ ನೆಲದ ದಾಖಲೆಯನ್ನು ಹುಡುಕುವುದೇ ಕಷ್ಟವೆಂಬುದು ವಿಷಾದದ ಸಂಗತಿ. ಇದಕ್ಕೆ ಮೂರು ಕಾರಣಗಳನ್ನು ಕಾಣುತ್ತೇವೆ.

ಮೊದಲನೆಯದು ಹೆಸರಿನ ತೊಡಕು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರ ನವೆಂಬರ್ ೧ರಂದು. ಅದಕ್ಕೆ ಹಿಂದಿನ ಚುನಾವಣಾ ವರದಿಗಳು ‘ಮೈಸೂರು’ ಎಂಬ ಹೆಸರಿನಲ್ಲಿವೆ. ತುಮಕೂರಿನ ಇಂಗ್ಲಿಷ್ ಕಾಗುಣಿತವೂ ೨೦೧೪ರಲ್ಲಿ ಬದಲಾಯಿತು. ಮಾಯಸಂದ್ರವೆಂದು ಹುಡುಕಿದರೆ ಆನೇಕಲ್ ತಾಲ್ಲೂಕಿನ ಮಾಯಸಂದ್ರವೂ ಎದುರಾಗುತ್ತದೆ. ಇನ್ನು ೨೦೦೮ರ ಚುನಾವಣೆ ಹೊಸದಾಗಿ ವಿಂಗಡಿಸಿದ ಕ್ಷೇತ್ರಗಳಲ್ಲಿ ನಡೆಯಿತು. ಹೆಸರು ಉಳಿದ ಮಾತ್ರಕ್ಕೆ ಕ್ಷೇತ್ರದ ಎಲ್ಲೆಯೂ ಹಾಗೆಯೇ ಉಳಿಯಿತೆಂದು ಭಾವಿಸಿ ೨೦೦೪ರ ಮತಗಳನ್ನು ೨೦೦೮ರ ಮತಗಳೊಡನೆ ಹೋಲಿಸುವುದು ಸಲ್ಲದು.

ಎರಡನೆಯದು ಲಿಪಿಯ ತೊಡಕು. ಹಳೆಯ ಕನ್ನಡ ಪುಟಗಳು ಬಹುಮಟ್ಟಿಗೆ ಚಿತ್ರರೂಪದಲ್ಲಿವೆ. ಅವುಗಳ ಒಳಗಿನ ಪದಗಳನ್ನು ಶೋಧಯಂತ್ರ ಹಿಡಿಯದು. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಸರ್ಕಾರಿ ಕಡತಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹುಡುಕಿದಾಗ ಸಿಗಲಿಲ್ಲವೆಂದರೆ ದಾಖಲೆ ಇಲ್ಲವೆಂದು ಅರ್ಥವಲ್ಲ. ಇಂಥಲ್ಲಿ ವರ್ಷವನ್ನೂ ಅಧಿವೇಶನವನ್ನೂ ಮೊದಲು ಗೊತ್ತುಮಾಡಿಕೊಂಡು ಪುಟ ತಿರುವಿ ಓದುವ ಹಳೆಯ ಶ್ರಮಕ್ಕೆ ಬದಲಿಲ್ಲ.

ಮೂರನೆಯದು ನಮ್ಮದೇ ಉಪೇಕ್ಷೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರ ಅಕ್ಟೋಬರ್ ೭ರಂದು, ೧೪೪ ಸದಸ್ಯರೊಡನೆ ಮೊದಲು ಸೇರಿದ ಮೈಸೂರು ಪ್ರಜಾಪ್ರತಿನಿಧಿ ಸಭೆ ತೌಲನಿಕ ಅಧ್ಯಯನಕ್ಕೆ ಅಪೂರ್ವವಾದ ವಸ್ತು. ಜಪಾನಿನ ಸಂಸತ್ತು ಸೇರಿದುದು ೧೮೯೦ರಲ್ಲಿ. ಎರಡರ ಅಧಿಕಾರಗಳು ಸಮಾನವಲ್ಲ. ಮೈಸೂರಿನ ಸಭೆ ಅಹವಾಲು ಹೇಳಬಹುದಾಗಿತ್ತು, ಶಾಸನ ಮಾಡುವಂತಿರಲಿಲ್ಲ. ಆದರೂ ಅರಸೊತ್ತಿಗೆಯು ಸಭೆಯನ್ನು ತಾನಾಗಿ ಏಕೆ ಕರೆಯುತ್ತದೆಂಬ ಪ್ರಶ್ನೆಗೆ ಇವೆರಡೂ ಒಟ್ಟಿಗೆ ಬೆಳಕು ಬೀರಬಲ್ಲವು.

೫

ಸ್ಥಳೀಯ ವಿವರದಿಂದ ಜಾಗತಿಕ ಹೋಲಿಕೆಗೆ ಏರಬಹುದೆಂಬುದಕ್ಕೆ ನಿದರ್ಶನವೂ ಉಂಟು. ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಅವರು ೧೯೯೮ರಲ್ಲಿ ಪ್ರಕಟಿಸಿದ ಗ್ರಂಥವು ಕರ್ನಾಟಕದ ಜಿಲ್ಲಾ ಪರಿಷತ್ತುಗಳ ವ್ಯವಸ್ಥೆಯನ್ನು ಬಾಂಗ್ಲಾದೇಶ, ಘಾನಾ, ಕೋತ್ ದಿವಾರ್ ದೇಶಗಳ ವಿಕೇಂದ್ರೀಕರಣದೊಡನೆ ಹೋಲಿಸಿತು. ಅಲ್ಲಿ ನಮ್ಮ ರಾಜ್ಯ ದೇಶಗಳ ಸಾಲಿನಲ್ಲಿ ಒಂದು ಘಟಕವಾಗಿ ನಿಂತಿದೆ.

ಅಂಥ ಕೆಲಸ ನಮ್ಮ ಕಾಲೇಜುಗಳಿಂದಲೂ ಹೊರಡಬೇಕಾದರೆ ಓದುವ ಅನುಕೂಲ ಬೇಕು. ೨೦೨೫ರಲ್ಲಿ ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ವಿದ್ವತ್ಪತ್ರಿಕೆಗಳ ಬಾಗಿಲು ತೆರೆದಿದೆ. ಶೋಧಗಂಗಾ ತಾಣದಲ್ಲಿ ಮಹಾಪ್ರಬಂಧಗಳು ಉಚಿತವಾಗಿ ದೊರೆಯುತ್ತವೆ. ಬಾಗಿಲು ತೆರೆದರೆ ಸಾಲದು, ಒಳಗೆ ಕರೆದೊಯ್ಯುವವರು ಬೇಕು. ಪ್ರತಿಯೊಂದು ವಿಭಾಗವೂ ತನ್ನ ಜಿಲ್ಲೆಗೆ ಸಂಬಂಧಿಸಿದ ಹಳೆಯ ಹೆಸರುಗಳು, ಕಾಗುಣಿತಗಳು, ಕ್ಷೇತ್ರ ವಿಂಗಡಣೆಗಳು, ಅಧಿವೇಶನದ ವರ್ಷಗಳು ಇವುಗಳ ಒಂದು ಪದಸೂಚಿಯನ್ನು ವಿದ್ಯಾರ್ಥಿಗಳಿಂದಲೇ ಸಿದ್ಧಪಡಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಹಣ ಹೆಚ್ಚು ಬೇಡ. ಎರಡು ವರ್ಷಗಳ ತಾಳ್ಮೆ ಸಾಕು. ಇದಾಗದಿದ್ದರೆ ಮಾಯಸಂದ್ರದ ವಿದ್ಯಾರ್ಥಿಗೆ ಮನಿಲಾದ ಆಜ್ಞೆ ಸಿಕ್ಕೀತು, ತನ್ನ ತಾಲ್ಲೂಕಿನ ಪ್ರತಿನಿಧಿ ಸಭೆಯಲ್ಲಿ ಆಡಿದ ಮಾತು ಸಿಕ್ಕಲಾರದು. ಹೋಲಿಕೆಗೆ ಎರಡು ಪಕ್ಷಗಳು ಬೇಕಾದುದರಿಂದ ಈ ಕೊರತೆಯನ್ನು ಸಹೋದ್ಯೋಗಿಗಳ ಗಮನಕ್ಕೆ ತರುತ್ತಿದ್ದೇವೆ.